ಎಂಜಿನ್ ನಿಂತರೆ ಪಂಪ್ ಕೂಡ ನಿಲ್ಲಬೇಕು: ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿಗೆ ಎಲೆಕ್ಟ್ರಿಕ್ ಫ್ಯೂಯೆಲ್ ಪಂಪ್ ವೈರಿಂಗ್

ಬೇಸಿಗೆಯ ಮಧ್ಯಾಹ್ನ ಚಿಕ್ಕಬಳ್ಳಾಪುರದಿಂದ ಹೊರಟು ನಂದಿಬೆಟ್ಟ ಹತ್ತುವ ಹಳೆಯ ಕಾರುಗಳು ತಿರುವಿನಲ್ಲಿ ಬಾನೆಟ್ ಎತ್ತಿಕೊಂಡು ನಿಲ್ಲುವುದಕ್ಕೆ ಬಹಳ ಸಲ ಕಾರಣ ಪೆಟ್ರೋಲ್ ಖಾಲಿಯಾಗಿರುವುದಲ್ಲ, ಪೆಟ್ರೋಲ್ ಕುದಿದಿರುವುದು. ಕ್ಯಾಮ್‌ಶಾಫ್ಟ್‌ನಿಂದ ನಡೆಯುವ ಮೆಕ್ಯಾನಿಕಲ್ ಪಂಪ್ ಕಾದ ಎಂಜಿನ್ನಿನ ಪಕ್ಕದಲ್ಲೇ ಕುಳಿತು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತದೆ; ಎಳೆತಕ್ಕೆ ಸಿಕ್ಕ ಪೆಟ್ರೋಲ್ ಇನ್ನೂ ಬೇಗ ಆವಿಯಾಗುತ್ತದೆ, ಪಂಪ್ ಆವಿಯನ್ನು ತಳ್ಳಲಾರದೆ ಸೋಲುತ್ತದೆ. ಟ್ಯಾಂಕಿನ ಹತ್ತಿರ, ಅದರ ತಳದ ಮಟ್ಟದಲ್ಲಿ ಎಲೆಕ್ಟ್ರಿಕ್ ಪಂಪ್ ಕೂರಿಸಿದರೆ ಪೈಪಿನೊಳಗೆ ಎಳೆತದ ಬದಲು ಒತ್ತಡವಿರುತ್ತದೆ, ತೊಂದರೆ ಬಹುಮಟ್ಟಿಗೆ ತೀರುತ್ತದೆ. ಹಾಗಾಗಿ ನಮ್ಮೂರಿನ ಗ್ಯಾರೇಜುಗಳಲ್ಲಿ ಈ ಬದಲಾವಣೆ ಮಾಡಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಆದರೆ ಅನೇಕ ಕಾರುಗಳಲ್ಲಿ ಪಂಪಿನ ವೈರನ್ನು ನೇರವಾಗಿ ಇಗ್ನಿಷನ್ ಸ್ವಿಚ್ಚಿಗೆ ಸುತ್ತಿ, ಟೇಪ್ ಅಂಟಿಸಿ ಬಿಟ್ಟಿರುವುದನ್ನು ನೋಡಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಮೆಕ್ಯಾನಿಕಲ್ ಪಂಪಿನಲ್ಲಿ ಯಾರೂ ಪ್ರತ್ಯೇಕವಾಗಿ ಜೋಡಿಸದ ಒಂದು ರಕ್ಷಣೆಯಿತ್ತು: ಎಂಜಿನ್ ನಿಂತ ಕ್ಷಣ ಅದೂ ನಿಲ್ಲುತ್ತಿತ್ತು. ಎಲೆಕ್ಟ್ರಿಕ್ ಪಂಪಿಗೆ ಎಂಜಿನ್ ನಡೆಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅಪಘಾತದಲ್ಲಿ ಪೈಪ್ ಹರಿದು, ಎಂಜಿನ್ ನಿಂತು, ಕೀ ಮಾತ್ರ ಆನ್ ಆಗಿಯೇ ಉಳಿದರೆ, ಅದು ಟ್ಯಾಂಕಿನ ಪೆಟ್ರೋಲನ್ನೆಲ್ಲ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಸುರಿಯುತ್ತಲೇ ಇರುತ್ತದೆ. ಕಾರ್ಬುರೇಟರಿಗೆ ಪೆಟ್ರೋಲ್ ಬರುವುದನ್ನು ತಡೆದು ನಿಲ್ಲಿಸುವ ನೀಡಲ್ ವಾಲ್ವ್ ತೆರೆದೇ ಸಿಕ್ಕಿಕೊಂಡರೂ ಅಪಾಯ ಇದೇ. ಆದ್ದರಿಂದ ಎಂಜಿನ್ ನಿಂತಿದೆ ಎಂಬ ಸುದ್ದಿಯನ್ನು ಪಂಪಿಗೆ ಮುಟ್ಟಿಸುವ ಕೆಲಸವನ್ನು ವೈರಿಂಗೇ ಮಾಡಬೇಕು.

ಅದಕ್ಕೆ ಬೇಕಾದದ್ದು ನಾಲ್ಕು ಪಿನ್ನಿನ ಒಂದು ಸಾಮಾನ್ಯ ರಿಲೇ; ಅಂದರೆ 85, 86ನೇ ಪಿನ್ನುಗಳ ನಡುವಿನ ಕಾಯಿಲಿಗೆ ಸಣ್ಣ ಕರೆಂಟ್ ಕೊಟ್ಟಾಗ 30, 87ರ ನಡುವಿನ ಕಾಂಟ್ಯಾಕ್ಟನ್ನು ಕೂಡಿಸುವ ಸ್ವಿಚ್. ಬ್ಯಾಟರಿಯ ಪಾಸಿಟಿವ್‌ನಿಂದ ಬರುವ ವೈರು, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿಯೇ ಫ್ಯೂಸ್ ದಾಟಿ, ರಿಲೇಯ 30ನೇ ಪಿನ್ನಿಗೆ ಸೇರಬೇಕು. ಫ್ಯೂಸ್ ದೂರದಲ್ಲಿದ್ದರೆ ಅದಕ್ಕಿಂತ ಮುಂಚಿನ ವೈರಿಗೆ ಯಾವ ರಕ್ಷಣೆಯೂ ಇಲ್ಲ. ಕಾರ್ಬುರೇಟರಿಗೆ ಹೊಂದುವ ಸಣ್ಣ ಪಂಪುಗಳು ಎಳೆಯುವ ಕರೆಂಟ್ ಕೆಲವೇ ಆಂಪಿಯರ್ ಆದ್ದರಿಂದ 1.5 ಚದರ ಮಿಲಿಮೀಟರ್ ತಾಮ್ರದ ವೈರು, 7.5 ಆಂಪಿಯರ್ ಫ್ಯೂಸ್ ಸಾಮಾನ್ಯವಾಗಿ ಸಾಕಾಗುತ್ತವೆ. ಕೊನೆಯ ಮಾತು ಮಾತ್ರ ಪಂಪಿನ ಮೇಲೆ ಬರೆದಿರುವ ಅಂಕಿಯದ್ದು. 87ನೇ ಪಿನ್ನಿನಿಂದ ಪಂಪಿಗೆ, 86ಕ್ಕೆ ಇಗ್ನಿಷನ್‌ನಿಂದ ಸಪ್ಲೈ. ಇನ್ನುಳಿದ 85ನೇ ಪಿನ್ನನ್ನು ಎಲ್ಲರೂ ನೇರವಾಗಿ ಕಾರಿನ ಬಾಡಿಯ ಲೋಹಕ್ಕೆ ಜೋಡಿಸಿ ಅರ್ಥ್ ಮಾಡಿಬಿಡುತ್ತಾರೆ. ನಾನು ಅದನ್ನು ಆಯಿಲ್ ಪ್ರೆಷರ್ ಸ್ವಿಚ್ಚಿನ ಮೂಲಕ ಅರ್ಥ್ ಮಾಡಿಸುತ್ತೇನೆ. ಎಂಜಿನ್ನಿನಲ್ಲಿ ಆಯಿಲ್ ಒತ್ತಡ ಇರುವವರೆಗೆ ಮಾತ್ರ ರಿಲೇ ಎಳೆದುಕೊಳ್ಳುತ್ತದೆ, ಒತ್ತಡ ಬಿದ್ದರೆ ಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಡ್ಯಾಶ್‌ಬೋರ್ಡಿನ ಕೆಂಪು ದೀಪಕ್ಕಿರುವ ಸ್ವಿಚ್ ಒತ್ತಡ ಇಲ್ಲದಾಗ ಅರ್ಥ್ ಕೊಡುವಂಥದ್ದು. ಅದನ್ನೇ ಬಳಸಿದರೆ ಎಂಜಿನ್ ನಿಂತಾಗ ಪಂಪ್ ಓಡುತ್ತದೆ, ಎಂಜಿನ್ ನಡೆದಾಗ ನಿಲ್ಲುತ್ತದೆ! ಒತ್ತಡ ಬಂದಾಗ ಕೂಡಿಕೊಳ್ಳುವ, ಎರಡು ಟರ್ಮಿನಲ್ಲಿನ ಬೇರೆ ಸ್ವಿಚ್ಚನ್ನು ಟಿ-ಜಾಯಿಂಟ್ ಮೂಲಕ ಹೆಚ್ಚುವರಿಯಾಗಿ ಹಾಕಿಸಬೇಕು. ಬಹಳ ದಿನ ನಿಂತ ಕಾರಿನ ಕಾರ್ಬುರೇಟರ್ ಒಣಗಿರುತ್ತದೆ, ಆಯಿಲ್ ಒತ್ತಡ ಬರುವ ಮೊದಲೇ ಅದನ್ನು ತುಂಬಿಸಬೇಕಾಗುವುದರಿಂದ, ಈ ಸ್ವಿಚ್ಚಿಗೆ ಸಮಾಂತರವಾಗಿ ಒಂದು ಪುಶ್ ಬಟನ್ ಇರಲಿ. ಅದು ಬೆರಳಿನಿಂದ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡುವಂಥದ್ದಾಗಿರಬೇಕು, ಆನ್ ಮಾಡಿ ಮರೆತುಬಿಡಬಹುದಾದ ಟಾಗಲ್ ಸ್ವಿಚ್ ಖಂಡಿತ ಬೇಡ.

ಡಿಕ್ಕಿ ಹೊಡೆದಾಗ ಲೈನನ್ನು ಕಡಿಯುವ ಇನರ್ಷಿಯಾ ಸ್ವಿಚ್ ಎರಡನೆಯ ಕಾವಲು. ಅದರೊಳಗೆ ಆಯಸ್ಕಾಂತ ಹಿಡಿದಿಟ್ಟ ಉಕ್ಕಿನ ಗುಂಡೊಂದಿದ್ದು, ಜೋರಾದ ಪೆಟ್ಟಿಗೆ ಅದು ಜಾಗ ಬಿಟ್ಟು ಹಾರಿ ಸಂಪರ್ಕ ತಪ್ಪಿಸುತ್ತದೆ. ಈ ಇನರ್ಷಿಯಾ ಸ್ವಿಚ್ಚಿನದೇ ತಲೆಯ ಮೇಲಿರುವ ಬಟನ್ ಒತ್ತುವವರೆಗೆ ಮತ್ತೆ ಕೂಡುವುದಿಲ್ಲ. ಇದನ್ನು ರಿಲೇ ಕಾಯಿಲಿನ ಕಡೆ ಹಾಕುವವರಿದ್ದಾರೆ. ರಿಲೇಯ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಕಾಯಿಲಿನ ಸಪ್ಲೈ ಹೋದರೂ ಪಂಪ್ ನಿಲ್ಲುವುದಿಲ್ಲವಾದ್ದರಿಂದ, 87ರಿಂದ ಪಂಪಿಗೆ ಹೋಗುವ ವೈರಿನಲ್ಲೇ ಇದು ಇರಬೇಕೆಂಬುದು ನನ್ನ ಅಭಿಪ್ರಾಯ.

ಪಂಪಿನ ಅರ್ಥ್ ವೈರನ್ನು ಪೇಂಟ್ ಕೆರೆದು ಹೊಳೆಯುವ ಲೋಹಕ್ಕೆ ಹಲ್ಲಿನ ವಾಷರ್ ಇಟ್ಟು ಬಿಗಿಯಬೇಕು. ವೈರು ತಗಡು ದಾಟುವ ಪ್ರತಿ ತೂತಿಗೂ ಅದು ಕೊಯ್ದುಹೋಗದಂತೆ ರಬ್ಬರ್ ಗ್ರೋಮೆಟ್ (ಬಳೆ) ಬೇಕು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ನೆಗೆಟಿವ್ ಬದಲು ಪಾಸಿಟಿವ್ ಕಾರಿನ ಬಾಡಿಯ ಲೋಹಕ್ಕೆ ಸೇರಿರುವ ಸಾಧ್ಯತೆಯಿದ್ದು, ಪಂಪ್ ಕೊಳ್ಳುವ ಮೊದಲೇ ಅದನ್ನು ನೋಡಿಕೊಳ್ಳಬೇಕು. ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಕಾರಿನ ಪಂಪನ್ನಂತೂ ತರಲೇಬಾರದು. ಕಾರ್ಬುರೇಟರಿಗೆ ಬೇಕಿರುವುದು ಸುಮಾರು 2ರಿಂದ 4 ಪಿಎಸ್‌ಐ ಒತ್ತಡ, ಇಂಜೆಕ್ಷನ್ ಪಂಪಿನದು ಅದರ ಹತ್ತು ಪಟ್ಟು. ಹಳೆಯ ಮೆಕ್ಯಾನಿಕಲ್ ಪಂಪನ್ನು ಲೈನಿನಲ್ಲಿ ಉಳಿಸಿದರೆ, ಅದರೊಳಗಿನ ಡಯಾಫ್ರಮ್ (ಪೊರೆ) ಹರಿದ ದಿನ ಹೊಸ ಪಂಪ್ ಪೆಟ್ರೋಲನ್ನು ನೇರವಾಗಿ ಎಂಜಿನ್ ಆಯಿಲ್‌ಗೆ ತಳ್ಳುತ್ತದೆ. ಅದನ್ನು ಬಿಚ್ಚಿ, ಗ್ಯಾಸ್ಕೆಟ್ ಇಟ್ಟು ಪ್ಲೇಟ್ ಮುಚ್ಚುವುದೇ ಸರಿ.

ಇಡೀ ಕೆಲಸ ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿಯೇ ನಡೆಯಲಿ. ಮುಗಿದ ಮೇಲೆ ಎಂಜಿನ್ ಓಡುವಾಗ ಪಂಪಿನ ಎರಡು ಟರ್ಮಿನಲ್ಲುಗಳ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ಅಲ್ಲಿನ ವೋಲ್ಟೇಜ್ ಬ್ಯಾಟರಿಯದಕ್ಕಿಂತ ಅರ್ಧ ವೋಲ್ಟನ್ನೂ ಮೀರಿ ಕೆಳಗಿದ್ದರೆ ಎಲ್ಲೋ ಜಾಯಿಂಟ್ ಸಡಿಲವಿರಬಹುದು. ಆಮೇಲೆ ಆಯಿಲ್ ಸ್ವಿಚ್ಚಿನ ವೈರನ್ನು ಕಳಚಿ, ಪಂಪಿನ ಸದ್ದು ಆ ಕ್ಷಣವೇ ನಿಲ್ಲುತ್ತದೆಯೇ ಎಂದು ಹಿಂದಿನ ಚಕ್ರದ ಬಳಿ ಕಿವಿಗೊಟ್ಟು ಕೇಳಿ. ನಿಲ್ಲದಿದ್ದರೆ ಕಾರನ್ನು ಗ್ಯಾರೇಜಿನಿಂದ ಹೊರಗೆ ತರಬೇಡಿ.