ಡಿ ಮೆಸಾನ್‌ನ ಕ್ಷಯ ಮತ್ತು ನಡುವಿನ ಅನುರಣನೆಗಳು

ಇಂದು ಮತ್ತೆ ಚಾರ್ಮ್ ಎಂಬ ಭಾರದ ಕ್ವಾರ್ಕ್ ಮತ್ತು ಒಂದು ಹಗುರ ಪ್ರತಿಕ್ವಾರ್ಕ್ ಸೇರಿದ ಕಣವಾದ ಡಿ ಮೆಸಾನ್‌ನ ಲೆಕ್ಕಗಳಲ್ಲಿ ಮುಳುಗಿದ್ದೆ. ವಿದ್ಯುದಾವೇಶವುಳ್ಳ ಡಿ ಮೆಸಾನ್ ಸುಮಾರು ಒಂದು ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ಬಾಳಿ, ಅತಿ ಹಗುರ ಮೆಸಾನ್‌ಗಳಾದ ಮೂರು ಪಯಾನ್‌ಗಳಾಗಿ ಒಡೆಯುವಾಗ, ಅವುಗಳಲ್ಲಿ ಎರಡು ಬಹುಪಾಲು ಒಂದು ಅಲ್ಪಾಯುಷಿ ಅನುರಣನೆಯಿಂದ, ಅಂದರೆ ಮೂಡಿದ ಕ್ಷಣದಲ್ಲೇ ಒಡೆಯುವ ನಡುವಿನ ಕಣದಿಂದ, ಹುಟ್ಟಿರುತ್ತವೆ. ಆ ಅನುರಣನೆ ಡಿಟೆಕ್ಟರ್ ತಲುಪುವುದೇ ಇಲ್ಲ, ಪಯಾನ್ ಜೋಡಿಗಳ ದ್ರವ್ಯರಾಶಿಯ ವರ್ಗಗಳನ್ನು ಎರಡು ಅಕ್ಷಗಳಲ್ಲಿ ಗುರುತಿಸುವ ಡಾಲಿಟ್ಜ್ ನಕ್ಷೆಯ ಮೇಲೆ ಚುಕ್ಕಿಗಳ ದಟ್ಟಣೆಯಾಗಿ ಮಾತ್ರ ಕಾಣುತ್ತದೆ. 2001ರಲ್ಲಿ ಅಮೆರಿಕದ ಕಣಭೌತ ಪ್ರಯೋಗಾಲಯ ಫರ್ಮಿಲ್ಯಾಬ್‌ನ ಇ791 ಪ್ರಯೋಗಕ್ಕೆ ಸಿಗ್ಮಾ ಎಂಬ ಅಂಥದೊಂದು ಅನುರಣನೆಯ ಬಲವಾದ ಸುಳಿವು ಸಿಕ್ಕಿದ್ದು ಇದೇ ಕ್ಷಯದಲ್ಲಿ. ಸಿಗ್ಮಾದ ಅಗಲ (ಅದರ ದ್ರವ್ಯರಾಶಿ ಎಷ್ಟು ಹರಡಿಕೊಂಡಿದೆ ಎಂಬ ಅಳತೆ) ಅದರ ದ್ರವ್ಯರಾಶಿಗೆ ಹತ್ತಿರ ಬರುವಷ್ಟು ದೊಡ್ಡದು; ಹಾಗಾಗಿ ಕಿರಿದಾದ ಒಂಟಿ ಅನುರಣನೆಗೆ ಹೊಂದುವ ಸರಳ ಬ್ರೈಟ್–ವಿಗ್ನರ್ ಸೂತ್ರ ಸಾಲದು, ಪ್ರಬಲ ಬಲದಿಂದಾಗುವ ಪಯಾನ್‌ಗಳ ಪರಸ್ಪರ ಚದುರುವಿಕೆಯನ್ನೇ ಯೂನಿಟಾರಿಟಿಗೆ (ಎಲ್ಲ ಸಂಭವನೀಯತೆಗಳ ಮೊತ್ತ 1 ಆಗಿರಬೇಕೆಂಬ ನಿಯಮಕ್ಕೆ) ಬದ್ಧವಾಗಿ ಲೆಕ್ಕಕ್ಕೆ ತರಬೇಕಾಗುತ್ತದೆ. ದುರ್ಬಲ ಬಲದಿಂದ ಶುರುವಾಗುವ ಈ ಕ್ಷಯ ಪ್ರಬಲ ಬಲದ ಬಗ್ಗೆ ಇಷ್ಟೊಂದು ಹೇಳುತ್ತದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.