ಬಟ್ಟೆ ತಲೆಯದೋ, ಮೈಯದೋ?

ಶಿವಮೊಗ್ಗ, ಶನಿವಾರ, 16 ನವೆಂಬರ್ 2024

ಇವತ್ತು ಸಂಜೆ ಮೊದಲ ಸಲ ಲೈಟ್ ಹಾಕಿ ಗಿರೀಶ್ ಕಾರ್ನಾಡರ 'ಹಯವದನ' ನಾಟಕದ ರಿಹರ್ಸಲ್ ಮಾಡಿದೆವು. ಒಂದು ತಿಂಗಳಿಂದ ಹೊಲಿಸಿಟ್ಟ ಬಟ್ಟೆಗಳ ಲೆಕ್ಕವೆಲ್ಲ ಅರ್ಧ ಗಂಟೆಯಲ್ಲಿ ತಲೆಕೆಳಗಾಯಿತು.

ಕಥೆ ಗೊತ್ತಲ್ವಾ? ಕಾಳಿ ಗುಡಿಯಲ್ಲಿ ದೇವದತ್ತ ತಲೆ ಕಡಿದುಕೊಳ್ಳುತ್ತಾನೆ. ಅದನ್ನು ನೋಡಿ ಗೆಳೆಯ ಕಪಿಲನೂ ಕಡಿದುಕೊಳ್ಳುತ್ತಾನೆ. ಕಾಳಿ ಅವರಿಗೆ ಜೀವ ಕೊಡಲು ಒಪ್ಪಿದಾಗ ದೇವದತ್ತನ ಹೆಂಡತಿ ಪದ್ಮಿನಿ ಗಡಿಬಿಡಿಯಲ್ಲಿ ಇವನ ತಲೆ ಅವನಿಗೆ, ಅವನದು ಇವನಿಗೆ ಇಟ್ಟುಬಿಡುತ್ತಾಳೆ. ಇದಕ್ಕೆ ಕಾರ್ನಾಡರೇ ದಾರಿ ತೋರಿಸಿದ್ದಾರೆ. ದೇವದತ್ತನಿಗೆ ಬಿಳುಪು ಮುಖವಾಡ, ಕಪಿಲನಿಗೆ ಕಪ್ಪು. ಮುಖವಾಡ ಅದಲುಬದಲಾದರೆ ತಲೆ ಅದಲುಬದಲಾದ ಹಾಗೆ.

ಸರಿ, ಆದರೆ ಬಟ್ಟೆ ಯಾರ ಜೊತೆ ಹೋಗಬೇಕು?

ನಾನು ದೇವದತ್ತನಿಗೆ ನೀಲಿ ಶಲ್ಯ ಕೊಟ್ಟಿದ್ದೆ. ಕಪಿಲನಿಗೆ ಹೆಗ್ಗೋಡಿನ ಮಹಿಳಾ ಸಹಕಾರಿ ಸಂಘ 'ಚರಕ'ದ ಕೈಮಗ್ಗದ ಬಟ್ಟೆ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಅದ್ದಿದ ಕೆಂಪು. ಆ ಕೆಂಪಿಗೆ ಮಣ್ಣಿನ ಕಳೆಯಿದೆ, ಕಮ್ಮಾರನ ಮಗನಿಗೆ ಒಪ್ಪುತ್ತದೆ. ಆದರೆ ಮುಖವಾಡ ಬದಲಾದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಕೇಳಿದಳು, "ಅಕ್ಕಾ, ನೀಲಿ ಶಲ್ಯದವನೇ ದೇವದತ್ತ ತಾನೆ?" ಅಲ್ಲಿಂದ ಅವಳಿಗೆ ಕಂಡದ್ದು ಬಣ್ಣ, ಮುಖ ಅಲ್ಲ. ಹೋಗಲಿ ಅಂದರೆ ಹಳದಿ ಲೈಟ್ ಬಿದ್ದಾಗ ಆ ನೀಲಿಯೂ ಪೂರ್ತಿ ಕಪ್ಪಾಗಿ ಕಾಣುತ್ತಿತ್ತು.

ಬಾಡಿಗೆ ಡ್ರೆಸ್ ತಂದುಬಿಡೋಣ ಅಂತ ಒಬ್ಬರು ಹೇಳಿದರು. ಬೇಡ ಅಂದೆ. ಮಖಮಲ್ಲು, ಜರಿ, ಮಿಂಚು ಕಂಪನಿ ನಾಟಕದ ಪೌರಾಣಿಕಕ್ಕೆ ಚೆಂದ. ನನಗೂ ಇಷ್ಟ. ಇಲ್ಲಿ ಮೈ ಕಾಣಬೇಕು.

ಹಾಗಾಗಿ ಬಣ್ಣವನ್ನೆಲ್ಲ ತಲೆಗೆ ಏರಿಸುತ್ತಿದ್ದೇನೆ. ಮುಖವಾಡಕ್ಕೇ ರುಮಾಲು ಹೊಲಿದುಬಿಡುವುದು. ಒಂದಕ್ಕೆ ನೀಲಿ, ಆದರೆ ತಿಳಿ ನೀಲಿ. ಇನ್ನೊಂದಕ್ಕೆ ಚೊಗರು. ತಲೆ ಹೋದ ಕಡೆ ಬಣ್ಣವೂ ಹೋಗುತ್ತದೆ. ಕೆಳಗೆ ಇಬ್ಬರಿಗೂ ಒಂದೇ ಥರದ ಬಣ್ಣ ಹಾಕದ ಪಂಚೆ, ಕಚ್ಚೆ, ತೋಳಿಲ್ಲದ ಅಂಗಿ.

ನಿಜವಾದ ಕೆಲಸ ಇರುವುದು ಆ ಅಂಗಿಯಲ್ಲಿ. ಕಪಿಲನ ಗಟ್ಟಿ ಮೈ ದೇವದತ್ತನ ತಲೆ ಹೊತ್ತು ಮನೆಗೆ ಬಂದ ಮೇಲೆ ನಿಧಾನಕ್ಕೆ ಮೆತ್ತಗಾಗುತ್ತದೆ. ನಾಟಕದಲ್ಲಿ ಬರುವ ಮಾತಾಡುವ ಗೊಂಬೆಗಳೇ ಅದನ್ನು ಆಡಿಕೊಳ್ಳುತ್ತವೆ: ಅಂಗೈ ಮೊದಲು ಒರಟಿತ್ತು, ಈಗ ಇಲ್ಲ ಅಂತ. ಅದು ಮಾತಿನಲ್ಲಷ್ಟೇ ಇದ್ದರೆ ಸಾಲದು. ಅದಕ್ಕೆ ಒಂದೇ ಬಟ್ಟೆಯಲ್ಲಿ ಮೂರು ಅಂಗಿ. ಮೊದಲನೆಯದರಲ್ಲಿ ಭುಜಕ್ಕೆ, ಎದೆಗೆ ಅರಳೆ ತುಂಬಿ ಒತ್ತಾಗಿ ಹೊಲಿಗೆ. ಎರಡನೆಯದರಲ್ಲಿ ಅರ್ಧ ಅರಳೆ. ಮೂರನೆಯದರಲ್ಲಿ ಭುಜ ಖಾಲಿ, ಹೊಟ್ಟೆಯ ಹತ್ತಿರ ಒಂದು ಹಿಡಿ. ಟೈಲರ್ ಅಣ್ಣ ಮೂರನ್ನೂ ಸಾಲಾಗಿ ಹರಡಿ ನೋಡಿ, "ಇದು ಒಬ್ಬನೇ ಮನುಷ್ಯನ ಅಳತೆಯಾ ಅಕ್ಕ?" ಅಂದರು. ಆ ಮಾತು ಕೇಳಿ ನನಗೆ ಎಷ್ಟು ಖುಷಿಯಾಯಿತು!

ಈಗ ರಾತ್ರಿ ಹನ್ನೊಂದು. ಮುಖವಾಡದ ಒಳಗೆ ಬೆವರಿಗೆ ಹತ್ತಿ ಪಟ್ಟಿ ಅಂಟಿಸಿಯಾಯಿತು. ಕಾಗದದ ಮುಖವಾಡ, ನೆನೆದರೆ ಮೆತ್ತಗಾಗುತ್ತದೆ. ಹಿಂದಿನ ಲಾಡಿ ಕಿತ್ತು ದೊಡ್ಡ ಹುಕ್ಕು ಹಾಕಿದೆ. ಬದಲಾವಣೆ ನಡೆಯುವುದು ಕತ್ತಲಲ್ಲಿ, ಗಂಟು ಬಿಚ್ಚುತ್ತಾ ಕೂರಲು ಆಗುವುದಿಲ್ಲ. ಕೋಣೆಯ ಲೈಟ್ ಆರಿಸಿ ನಾನೇ ಹಾಕಿ ನೋಡಿದೆ. ಎರಡು ಸಲ ಕೈ ತಪ್ಪಿತು. ಮೂರನೇ ಸಲ ಬೆರಳಿಗೆ ಹುಕ್ಕು ಸಿಕ್ಕಿತು.