ಕೆಂಪು ಗುಳಿಗೆಯೊಳಗಿನ ಪಾಚಿ

ಹುಬ್ಬಳ್ಳಿ-ಧಾರವಾಡದ ಔಷಧ ಅಂಗಡಿಗಳಲ್ಲಿ ಮೀನೆಣ್ಣೆಯ ಗುಳಿಗೆಗಳ ಪಕ್ಕದಲ್ಲಿ ಈಗ ಕಡುಗೆಂಪು ಬಣ್ಣದ ಇನ್ನೊಂದು ಗುಳಿಗೆಯೂ ಕಾಣಿಸುತ್ತದೆ. ಅದರ ಡಬ್ಬಿಯ ಮೇಲೆ ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯದ ಹೆಸರಿರುತ್ತದೆ. ನಾನು ರಸಾಯನಶಾಸ್ತ್ರ ಕಲಿಸುವವಳಾದ್ದರಿಂದ ನಮ್ಮ ಓಣಿಯ ಹಿರಿಯರು, "ಬಾಯಾರ, ಈ ಗುಳಿಗಿ ತಗೊಂಡ್ರ ಕಣ್ಣಿಗೆ ಛಲೋ ಅಂತಾರ, ಖರೇನ್ರೀ?" ಎಂದು ಕೇಳುತ್ತಿರುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಾದ ಪ್ರಶ್ನೆ ಇದಲ್ಲ. ಈ ವರ್ಣದ್ರವ್ಯ ನಿಜಕ್ಕೂ ವಿಶೇಷವಾದದ್ದೇ. ಆದರೆ ಅದನ್ನು ಮಾರುವವರ ಮಾತು ವಿಜ್ಞಾನಕ್ಕಿಂತ ಬಹಳ ಮುಂದೆ ಓಡಿದೆ.

ಗುಳಿಗೆಯ ಈ ವರ್ಣದ್ರವ್ಯವನ್ನು ಕೊಡುವ ಹೆಮಟೋಕಾಕಸ್ ಪ್ಲುವಿಯಾಲಿಸ್ ಎಂಬುದು ಸಿಹಿನೀರಿನಲ್ಲಿ ಬೆಳೆಯುವ ಏಕಕೋಶದ ಹಸಿರು ಪಾಚಿ. ಕಲ್ಲುಬಂಡೆಗಳ ಕುಳಿಗಳಲ್ಲಿ ನಿಂತ ಮಳೆನೀರಿನಲ್ಲಿಯೂ ಅದು ಬದುಕುತ್ತದೆ. ನೀರು, ಆಹಾರ ಸಾಕಷ್ಟಿರುವಾಗ ಅದು ಹಸಿರಾಗಿಯೇ ಇದ್ದು ವೇಗವಾಗಿ ಬೆಳೆಯುತ್ತದೆ. ಸಾರಜನಕ ಕಡಿಮೆಯಾದಾಗ, ಬಿಸಿಲು ಚುರುಕಾದಾಗ ಅಥವಾ ನೀರಿನಲ್ಲಿ ಉಪ್ಪು ಹೆಚ್ಚಿದಾಗ ಅದು ತನ್ನ ಸುತ್ತ ದಪ್ಪ ಗೋಡೆ ಕಟ್ಟಿಕೊಂಡು, ಒಳಗೆ ಎಣ್ಣೆಯ ಹನಿಗಳಲ್ಲಿ ಕೆಂಪು ವರ್ಣದ್ರವ್ಯವನ್ನು ತುಂಬಿಕೊಳ್ಳುತ್ತದೆ. ತೀವ್ರ ಬೆಳಕಿನಿಂದ ಕೋಶಕ್ಕೆ ಹಾನಿಯಾಗದಂತೆ ಕಾಯುವುದೇ ಆ ಕೆಂಪಿನ ಕೆಲಸ. ಒಣತೂಕದ ಶೇಕಡಾ 3ರಿಂದ 5ರಷ್ಟು ಅಸ್ಟಾಕ್ಸಾಂಥಿನ್ ಈ ಪಾಚಿಯಲ್ಲಿ ಸಂಗ್ರಹವಾಗಬಲ್ಲದು. ಕೃಷಿಯಲ್ಲಿಯೂ ಇದೇ ಕ್ರಮವನ್ನು ಅನುಸರಿಸುತ್ತಾರೆ: ಮೊದಲು ಪಾಚಿಯನ್ನು ಹಸಿರಾಗಿ ಬೆಳೆಸಿ, ಬಳಿಕ ಬೇಕೆಂದೇ ಕಷ್ಟಕ್ಕೆ ಒಡ್ಡಿ ಕೆಂಪಾಗಿಸುತ್ತಾರೆ, ಆಮೇಲೆ ಗಟ್ಟಿಗೋಡೆಯನ್ನು ಒಡೆದು ಬಣ್ಣವನ್ನು ತೆಗೆಯುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿಯೂ ಈ ಪಾಚಿಯ ಮೇಲೆ ಬಹಳ ಕೆಲಸ ನಡೆದಿದೆ ಎಂಬುದು ನಮಗೆ ಸಂತೋಷದ ಸಂಗತಿ.

ಸಾಲ್ಮನ್ ಮೀನಿನ ಮಾಂಸಕ್ಕೆ, ಸಿಗಡಿ ಮತ್ತು ಏಡಿಯ ಚಿಪ್ಪಿಗೆ ಬಣ್ಣ ಬರುವುದು ಅಸ್ಟಾಕ್ಸಾಂಥಿನ್‌ನಿಂದಲೇ. ಜೀವಂತ ಏಡಿಯಲ್ಲಿ ಇದು ಒಂದು ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ನೀಲಿ-ಹಸಿರಾಗಿ ಕಾಣುತ್ತದೆ. ಕುದಿಸಿದಾಗ ಪ್ರೋಟೀನು ಕೆಟ್ಟು ಬಣ್ಣ ಬಿಡುಗಡೆಯಾಗಿ ಚಿಪ್ಪು ಕೆಂಪಾಗುತ್ತದೆ. ಸಾಕಿದ ಸಾಲ್ಮನ್‌ಗೆ ಹಾಕುವ ಮೇವಿನಲ್ಲಿ ಹೆಚ್ಚಾಗಿ ಬಳಕೆಯಾಗುವುದು ಕಾರ್ಖಾನೆಯಲ್ಲಿ ತಯಾರಿಸಿದ ಅಸ್ಟಾಕ್ಸಾಂಥಿನ್. ಪಾಚಿಯಿಂದ ತೆಗೆದದ್ದು ದುಬಾರಿಯಾದ್ದರಿಂದ ಬಹುಪಾಲು ಮನುಷ್ಯರ ಗುಳಿಗೆಗಳಿಗೆ ಹೋಗುತ್ತದೆ.

ನಮ್ಮ ಭಾಗದವರಿಗೆ ಈ ವಿಷಯ ದೂರದ್ದಾಗಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಕೆಂಪಿಗೆ ಮುಖ್ಯ ಕಾರಣವಾದ ಕ್ಯಾಪ್ಸಾಂಥಿನ್ ಸಹ ಅಸ್ಟಾಕ್ಸಾಂಥಿನ್‌ನಂತೆ ಕೆರೊಟಿನಾಯ್ಡ್ ಎಂಬ ವರ್ಣದ್ರವ್ಯಗಳ ಕುಟುಂಬದ್ದೇ. ಎರಡೂ 40 ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿಗಳು. ಎರಡೂ ಎಣ್ಣೆಯಲ್ಲಿ ಕರಗುತ್ತವೆ, ನೀರಿನಲ್ಲಿ ಕರಗುವುದಿಲ್ಲ. ಎರಡೂ ಬಿಸಿಲು ಮತ್ತು ಗಾಳಿಗೆ ಮಾಸುತ್ತವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಶೀತಲಗೃಹಗಳಲ್ಲಿ ಇಡುವುದರ ಹಿಂದೆ ಈ ಬಣ್ಣವನ್ನು ಉಳಿಸಿಕೊಳ್ಳುವ ಕಾಳಜಿಯೂ ಇದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಿಂದಾಗಿಯೇ ಅದರಿಂದ ತೆಗೆದ ಎಣ್ಣೆಯಂಥ ಗಟ್ಟಿಸಾರಕ್ಕೆ, ಅಂದರೆ ಓಲಿಯೊರೆಸಿನ್‌ಗೆ, ಇಷ್ಟು ಬೇಡಿಕೆ. ಹಾಗೆಂದು ಮೆಣಸಿನಕಾಯಿ ತಿಂದರೆ ಅಸ್ಟಾಕ್ಸಾಂಥಿನ್ ದೊರೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಅವು ಬೇರೆ ಬೇರೆ ಅಣುಗಳು.

ಇನ್ನು ಆರೋಗ್ಯದ ಮಾತು. ಉಸಿರಾಟ, ಬಿಸಿಲು, ಹೊಗೆ, ಉರಿಯೂತ ಇವುಗಳಿಂದ ದೇಹದಲ್ಲಿ ಹುಟ್ಟುವ ಚುರುಕಾದ ಆಮ್ಲಜನಕದ ಕಣಗಳು ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತವೆ. ಅಸ್ಟಾಕ್ಸಾಂಥಿನ್ ಅಣುವಿನ ಎರಡು ತುದಿಗಳು ನೀರಿನ ಕಡೆಗೆ ಒಲಿದಿದ್ದು, ನಡುಭಾಗ ಕೊಬ್ಬಿನಲ್ಲಿ ಹುದುಗುವುದರಿಂದ, ಅದು ಪೊರೆಯ ಆಚೆಯಿಂದ ಈಚೆಯವರೆಗೂ ಚಾಚಿಕೊಂಡು ಆ ಹಾನಿಯನ್ನು ತಡೆಯಬಲ್ಲದು. ಜಾಹೀರಾತುಗಳಲ್ಲಿ ಕಾಣುವ "ವಿಟಮಿನ್ ಸಿಗಿಂತ 6000 ಪಟ್ಟು" ಎಂಬ ಮಾತು ಬಂದದ್ದು ಪ್ರಯೋಗಶಾಲೆಯ ದ್ರಾವಣದಲ್ಲಿ, ಸಿಂಗ್ಲೆಟ್ ಆಕ್ಸಿಜನ್ ಎಂಬ ಒಂದೇ ಬಗೆಯ ಕಣವನ್ನು ತಣಿಸುವ ಶಕ್ತಿಯನ್ನು ಅಳೆದದ್ದರಿಂದ. ಅದು ಮನುಷ್ಯನ ದೇಹದಲ್ಲಿ ಆಗುವ ಲಾಭದ ಲೆಕ್ಕವಲ್ಲ.

ಮನುಷ್ಯರ ಮೇಲೆ ನಡೆದ ಅಧ್ಯಯನಗಳು ಬಹುಮಟ್ಟಿಗೆ ಸಣ್ಣವು ಮತ್ತು ಅಲ್ಪಾವಧಿಯವು. ಚರ್ಮದ ತೇವ ಮತ್ತು ಸ್ಥಿತಿಸ್ಥಾಪಕತ್ವ, ಪರದೆ ನೋಡಿ ದಣಿದ ಕಣ್ಣು, ರಕ್ತದ ಕೊಬ್ಬಿನ ಪ್ರಮಾಣ ಇವುಗಳಲ್ಲಿ ಕೆಲವು ಅಧ್ಯಯನಗಳು ಒಳ್ಳೆಯ ಸೂಚನೆಗಳನ್ನು ಕೊಟ್ಟಿವೆ. ಸೂಚನೆಯನ್ನು ಸೂಚನೆಯೆಂದೇ ತೆಗೆದುಕೊಳ್ಳಬೇಕೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇದೇ ಕುಟುಂಬದ, ತರಕಾರಿಗಳಲ್ಲಿರುವ ಬೀಟಾ ಕೆರೊಟಿನ್ ಶ್ವಾಸಕೋಶದ ಕ್ಯಾನ್ಸರನ್ನು ತಡೆಯುತ್ತದೆಂಬ ನಂಬಿಕೆಯಿಂದ ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಪುರುಷರ ಮೇಲೆ ದೊಡ್ಡ ಪ್ರಯೋಗ ನಡೆಸಿದರು. 1994ರಲ್ಲಿ ಫಲಿತಾಂಶ ಬಂದಾಗ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೊಟಿನ್ ತೆಗೆದುಕೊಂಡವರಲ್ಲಿ ಆ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಸ್ಟಾಕ್ಸಾಂಥಿನ್ ಹಾಗೆ ಮಾಡುತ್ತದೆ ಎಂದು ಇದರ ಅರ್ಥವಲ್ಲ. ತರಕಾರಿಯಲ್ಲಿ ಹಿತವಾದದ್ದು ಗುಳಿಗೆಯಲ್ಲಿಯೂ ಹಿತವೇ ಆಗಬೇಕೆಂದಿಲ್ಲ ಎಂಬುದು ಮಾತ್ರ ಆ ಪ್ರಯೋಗದಿಂದ ಖಚಿತವಾಯಿತು.

ಕಣ್ಣಿನ ಬಗ್ಗೆ ಕೇಳುವವರಿಗೆ ಇನ್ನೊಂದು ಮಾತು. ಅಕ್ಷಿಪಟಲದ ನಡುವಿನ ಹಳದಿ ಚುಕ್ಕೆಯಲ್ಲಿ ನಿಸರ್ಗವೇ ಇಟ್ಟಿರುವ ಕೆರೊಟಿನಾಯ್ಡ್‌ಗಳು ಲ್ಯೂಟಿನ್ ಮತ್ತು ಜಿಯಾಕ್ಸಾಂಥಿನ್. ಇವೆರಡೂ ಹಸಿರು ಸೊಪ್ಪಿನಲ್ಲಿ ಮತ್ತು ಹಾವೇರಿಯ ಹೊಲಗಳಲ್ಲಿ ಹೇರಳವಾಗಿ ಬೆಳೆಯುವ ಹಳದಿ ಗೋವಿನಜೋಳದಲ್ಲಿ ಇವೆ. ರೊಟ್ಟಿಯ ಜೊತೆ ಮೆಂತ್ಯ, ಪಾಲಕ, ರಾಜಗಿರಿ ಸೊಪ್ಪನ್ನು ದಿನವೂ ಉಣ್ಣುವ ಮನೆಯವರು ಗುಳಿಗೆ ಕೊಳ್ಳಲಿಲ್ಲವೆಂದು ಕಳವಳಪಡಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಕ್ಕರೆ ಕಾಯಿಲೆ ಇದ್ದವರು ಆ ಹಣವನ್ನು ಮೊದಲು ಕಣ್ಣಿನ ತಪಾಸಣೆಗೆ ಖರ್ಚು ಮಾಡಲಿ.

ಇಷ್ಟಾದ ಮೇಲೂ ತೆಗೆದುಕೊಳ್ಳಬೇಕೆನ್ನುವವರು ಅಸ್ಟಾಕ್ಸಾಂಥಿನ್ ಗುಳಿಗೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಎಣ್ಣೆ ಅಥವಾ ತುಪ್ಪದ ಅಂಶವಿಲ್ಲದಿದ್ದರೆ ದೇಹ ಇದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಶೇಂಗಾ ಚಟ್ನಿ, ಎಣ್ಣೆ ಹಾಕಿದ ಪಲ್ಯ ಇರುವ ನಮ್ಮ ಮಧ್ಯಾಹ್ನದ ಊಟ ಅದಕ್ಕೆ ಸಾಕು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ವಯಸ್ಕರಿಗೆ ದಿನಕ್ಕೆ 8 ಮಿಲಿಗ್ರಾಂವರೆಗೆ ಸುರಕ್ಷಿತವೆಂದು ಹೇಳಿದೆ. ಬಸುರಿಯರು, ಬಾಣಂತಿಯರು ಮತ್ತು ಮಕ್ಕಳು ಇದರಿಂದ ದೂರವಿರುವುದು ಒಳ್ಳೆಯದು. ರಕ್ತ ತೆಳುವಾಗಿಸುವ ಅಥವಾ ರಕ್ತದೊತ್ತಡದ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಕೊಳ್ಳುವಾಗ ಡಬ್ಬಿಯ ಮುಂಭಾಗದ ದೊಡ್ಡ ಅಂಕಿಯನ್ನು ನಂಬದೆ ಹಿಂಭಾಗವನ್ನು ಓದಬೇಕು: ಶೇಕಡಾ 5ರ ಪಾಚಿಸಾರ 80 ಮಿಲಿಗ್ರಾಂ ಇದ್ದರೆ ಅದರಲ್ಲಿರುವ ಅಸ್ಟಾಕ್ಸಾಂಥಿನ್ 4 ಮಿಲಿಗ್ರಾಂ ಮಾತ್ರ. ಪಾಚಿಯ ಹೆಸರು ಮತ್ತು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳ ಸಂಖ್ಯೆ ಕಾಣದಿದ್ದರೆ ಡಬ್ಬಿಯನ್ನು ಅಂಗಡಿಯವರಿಗೇ ಮರಳಿಸಿ ಬನ್ನಿ.